ಭಾಷೆ ಓದಿ ಏನು ಮಾಡುತ್ತಾನೆ?

ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಹರಾಜಿನ ದಿನ ಹತ್ತು ನಿಮಿಷ ನಿಂತವರಿಗೆ ಭಾಷೆಯ ಬೆಲೆ ಏನೆಂದು ಯಾರೂ ಉಪನ್ಯಾಸ ಮಾಡಿ ಹೇಳಬೇಕಾಗಿಲ್ಲ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರೈತ ಹೆಚ್ಚು ಕಡಿಮೆ ಒಂದು ವರ್ಷ ಅಟ್ಟದ ಮೇಲೆ ಕಾಯಿ ಒಣಗಿಸಿ, ಸುಲಿಸಿ, ಚಿಪ್ಪು ಬಿಡಿಸಿ ತಂದ ಉಂಡೆ ಕೊಬ್ಬರಿಯಲ್ಲಿ ನಮ್ಮ ಸೀಮೆಯಲ್ಲಿ ಖರ್ಚಾಗುವುದು ಸ್ವಲ್ಪ. ಬಹುಪಾಲು ಹೋಗುವುದು ಉತ್ತರ ಹಿಂದೂಸ್ಥಾನಕ್ಕೆ. ಅಲ್ಲಿಯ ಸಾಹುಕಾರನೊಡನೆ ಮಾತನಾಡುವವನು ಹಿಂದಿ ಬಲ್ಲ ವರ್ತಕ. ಆ ವರ್ತಕನೊಡನೆ ಮಾತನಾಡುವವನು ದಲ್ಲಾಳಿ. ದಲ್ಲಾಳಿಯೊಡನೆ ಮಾತನಾಡುವವನು ರೈತ. ಚೀಲ ಹೊರುವ ಹಮಾಲಿಯನ್ನು ಯಾರೂ ಮಾತನಾಡಿಸುವುದಿಲ್ಲ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆಯನ್ನು ಕ್ವಿಂಟಾಲಿಗೆ 12,100 ರೂಪಾಯಿ ಎಂದು ದೆಹಲಿಯಲ್ಲಿ ಗೊತ್ತುಮಾಡಿದರು. ಅದನ್ನು ಗೊತ್ತುಮಾಡಿದವರ ಭಾಷೆಗೂ ಕಾಯಿ ಬೆಳೆದವನ ಭಾಷೆಗೂ ನಡುವೆ ಎಷ್ಟು ಜನ ನಿಂತಿದ್ದಾರೋ ಅಷ್ಟು ಕಡೆ ಕಮಿಷನ್ ಇದೆ.

ಹೀಗಿದ್ದೂ, ಮಗ ಪಿಯುಸಿ ಮುಗಿಸಿ ಬಿ.ಎ.ಯಲ್ಲಿ ಐಚ್ಛಿಕ ಕನ್ನಡವನ್ನೋ ಇಂಗ್ಲಿಷನ್ನೋ ತೆಗೆದುಕೊಳ್ಳುತ್ತೇನೆ ಎಂದರೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಭಾಷೆ ಓದಿ ಏನು ಮಾಡ್ತೀಯಪ್ಪಾ? ಈ ಪ್ರಶ್ನೆ ಕೇಳುವ ತಂದೆಯನ್ನು ನಾವು ಹಳಿಯಲಾರೆವು. ಎಣ್ಣೆ ಮಿಲ್ಲಿನಲ್ಲಿ ದಿನಗೂಲಿ ಮಾಡುವವನು, ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಕಿರಾಣಿ ಅಂಗಡಿ ಇಟ್ಟವನು ಮೂರು ವರ್ಷದ ಫೀಜು, ಬಸ್ ಪಾಸು, ಪುಸ್ತಕ ಎಲ್ಲವನ್ನೂ ಲೆಕ್ಕಹಾಕಿಯೇ ಮಾತನಾಡುತ್ತಾನೆ. ಅವನ ಕಣ್ಣೆದುರಿಗೆ ಎಂ.ಎ. ಮಾಡಿ ಖಾಲಿ ಕುಳಿತವರಿದ್ದಾರೆ. ಬಿ.ಕಾಂ. ಓದಿದರೆ ಯಾವುದಾದರೂ ಆಡಿಟರ ಬಳಿ ಲೆಕ್ಕ ಬರೆದು ಬದುಕಿಕೊಳ್ಳಬಹುದು ಎಂಬ ಧೈರ್ಯ ಅವನದು. ಅವನ ಭಯ ಸುಳ್ಳಲ್ಲ. ಆದರೆ ಆ ಭಯದ ಮೂಲ ಭಾಷೆಯಲ್ಲಿದೆಯೋ, ಭಾಷೆಯನ್ನು ನಮ್ಮ ಕಾಲೇಜುಗಳಲ್ಲಿ ಕಲಿಸುವ ರೀತಿಯಲ್ಲಿದೆಯೋ ಎಂಬುದನ್ನು ನೋಡಬೇಕು.

ಈ ಮಾತನ್ನು ತುರುವೇಕೆರೆಯಲ್ಲಿ ನಿಂತು ಆಡುವುದಕ್ಕೆ ಕಾರಣವಿದೆ. ಇದೇ ತಾಲ್ಲೂಕಿನ ಸಂಪಿಗೆ ಗ್ರಾಮದಲ್ಲಿ 1884ನೇ ಇಸವಿಯಲ್ಲಿ ಹುಟ್ಟಿದ ಮಗು ಮುಂದೆ ಬಿ. ಎಂ. ಶ್ರೀಕಂಠಯ್ಯನವರಾಗಿ ಬೆಳೆಯಿತು. ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದು ಇಂಗ್ಲಿಷನ್ನು. ಆ ಇಂಗ್ಲಿಷಿನಿಂದಲೇ 1920ರ ದಶಕದಲ್ಲಿ 'ಇಂಗ್ಲಿಷ್ ಗೀತಗಳು' ಬಂದು ಹೊಸಗನ್ನಡ ಕಾವ್ಯಕ್ಕೆ ದಾರಿಯಾಯಿತು. ಗ್ರೀಕ್ ನಾಟಕಗಳ ಅಭ್ಯಾಸದಿಂದ 'ಅಶ್ವತ್ಥಾಮನ್', 'ಪಾರಸಿಕರು' ಬಂದವು. ಅದಕ್ಕೂ ಮೊದಲೇ, 1911ರಲ್ಲಿ, ಧಾರವಾಡಕ್ಕೆ ಹೋಗಿ ಕನ್ನಡ ಮಾತು ತಲೆಯೆತ್ತುವ ಬಗೆ ಹೇಗೆಂದು ಭಾಷಣ ಮಾಡಿ ಬಂದಿದ್ದರು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಅಲ್ಲಿ ಕನ್ನಡಕ್ಕೆ ಎಂ.ಎ. ತರಗತಿ ದೊರೆತದ್ದು 1927ರಲ್ಲಿ, ಇಂಥವರ ಹಟದಿಂದ. ಕನ್ನಡ ನಾಡಿನ ವಿಶ್ವವಿದ್ಯಾನಿಲಯದಲ್ಲಿ ಕನ್ನಡವು ಹನ್ನೊಂದು ವರ್ಷ ಬಾಗಿಲಲ್ಲಿ ಕಾದಿತ್ತೆಂಬುದನ್ನು ಮರೆಯುವಂತಿಲ್ಲ. ಆ ಮೊದಲ ತಂಡದಲ್ಲಿ ಓದಿ ಹೊರಬಂದವರಲ್ಲಿ ಒಬ್ಬರು ಕುವೆಂಪು. ಆಗಲೂ, ಕನ್ನಡ ಎಂ.ಎ. ಮಾಡಿ ಏನು ಮಾಡುತ್ತೀಯೆ ಎಂದು ಕೇಳಿದವರು ಇದ್ದಿರಲೇಬೇಕು.

ಈಗ ತರಗತಿಯ ಒಳಗೆ ಬರೋಣ. ನಮ್ಮ ಕಾಲೇಜುಗಳಲ್ಲಿ ಭಾಷೆ ಎಂಬುದು ಅಂಕದ ಪತ್ರಿಕೆಯಾಗಿದೆ. ಪಿಯುಸಿಯಲ್ಲಿ ಸಂಸ್ಕೃತ ತೆಗೆದುಕೊಂಡರೆ ನೂರಕ್ಕೆ ನೂರು ಬೀಳುತ್ತದೆಂದು ತೆಗೆದುಕೊಳ್ಳುತ್ತಾರೆ. ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದು. ಬರೆಯದೆ, ಮಾತನಾಡದೆ ಒಂದು ಭಾಷೆಯಲ್ಲಿ ಪೂರ್ಣ ಅಂಕ ಗಳಿಸುವ ವಿದ್ಯೆ ನಮ್ಮಲ್ಲಿ ಸಿದ್ಧವಾಗಿದೆ! ಇಂಗ್ಲಿಷಿನ ಗತಿಯೂ ಇದಕ್ಕಿಂತ ಬೇರೆಯಲ್ಲ. ಹುಡುಗ ಗೈಡು ಬಾಯಿಪಾಠ ಮಾಡಿ ಪದ್ಯದ ಸಾರಾಂಶ ಬರೆಯುತ್ತಾನೆ, ಪಾಸಾಗುತ್ತಾನೆ. ಬ್ಯಾಂಕಿನ ಸಾಲದ ಕಾಗದ ಮುಂದಿಟ್ಟರೆ ಎರಡು ಸಾಲು ಓದಿ ಅರ್ಥ ಹೇಳಲಾರ. ಅದೇ ಊರಿನಲ್ಲಿ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಕೊಬ್ಬರಿ ವರ್ತಕ ಫೋನು ಹಿಡಿದು ಹಿಂದಿಯಲ್ಲಿ ದರ ಕುದುರಿಸುತ್ತಾನೆ. ಮುಸ್ಲಿಂ ಬೀದಿಯ ಹುಡುಗನಿಗೆ ಉರ್ದು, ಕನ್ನಡ ಎರಡೂ ಮನೆಬಾಗಿಲಲ್ಲೇ ಬರುತ್ತವೆ; ಕಾಲೇಜು ಅವನನ್ನು ಎರಡರಲ್ಲೂ ದಡ್ಡನೆಂದು ಗುರುತು ಹಾಕಿ ಕಳಿಸುತ್ತದೆ. ಸಂತೆಯಲ್ಲಿ ಬರುವ ಭಾಷೆ ಕಾಲೇಜಿನಲ್ಲಿ ಏಕೆ ಬರುವುದಿಲ್ಲ ಎಂದು ಶಿಕ್ಷಣ ಇಲಾಖೆಯವರು ಒಂದು ದಿನ ಮಂಡಿಯಲ್ಲಿ ಕೂತು ಯೋಚಿಸಿದರೆ ಒಳ್ಳೆಯದು.

ಪಾಠ ಹೇಳುವವರ ಸ್ಥಿತಿಯನ್ನು ಮಿಲ್ಲಿನ ಬಂಧುಗಳಿಗೆ ವಿವರಿಸಬೇಕಾಗಿಲ್ಲ, ಬದಲಿ ಕೆಲಸಗಾರನೆಂದರೆ ಸಾಕು. ಗೇಟಿನ ಮುಂದೆ ನಿಂತು, ಇವತ್ತು ಕೆಲಸ ಉಂಟೋ ಇಲ್ಲವೋ ಎಂದು ಕಾಯುವವನಿಗೆ ಕಾಲೇಜಿನಲ್ಲಿ ಇಟ್ಟಿರುವ ಹೆಸರು ಅತಿಥಿ ಉಪನ್ಯಾಸಕ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇಂಥವರು ಹತ್ತು ಸಾವಿರಕ್ಕೂ ಮೇಲೆ. ಹತ್ತು, ಹದಿನೈದು ವರ್ಷ ಪಾಠ ಹೇಳಿದವರು ಕೂಡ ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು. 2023ರ ಕೊನೆಯಲ್ಲಿ ಇವರು ಖಾಯಮಾತಿ ಕೇಳಿ ತರಗತಿ ಬಹಿಷ್ಕರಿಸಿದರು; 2024ರ ಹೊಸ ವರ್ಷದ ದಿನ ನಮ್ಮ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಗೌರವಧನ ಸ್ವಲ್ಪ ಹೆಚ್ಚಿತು, ಖಾಯಮಾತಿ ಬರಲಿಲ್ಲ. ಭಾಷೆಯನ್ನು ಕಲಿಸುವವನು ವಿದ್ಯಾರ್ಥಿಯೊಡನೆ ವರ್ಷಗಟ್ಟಲೆ ಮಾತನಾಡಬೇಕು, ತಪ್ಪು ತಿದ್ದಬೇಕು. ಮುಂದಿನ ವರ್ಷ ತಾನೇ ಇರುತ್ತೇನೋ ಇಲ್ಲವೋ ತಿಳಿಯದವನು ಯಾವ ಧೈರ್ಯದಿಂದ ತಿದ್ದಾನು?

ಇನ್ನು ಸರ್ಕಾರದ ನೀತಿ. 2021ರಲ್ಲಿ ಪದವಿ ತರಗತಿಗಳಲ್ಲಿ ಕನ್ನಡ ಕಡ್ಡಾಯವೆಂದು ಆಜ್ಞೆ ಹೊರಟಿತು. ಅದೇ ಡಿಸೆಂಬರಿನಲ್ಲಿ ಹೈಕೋರ್ಟು, ಬಲವಂತ ಮಾಡಬೇಡಿ ಎಂದು ಮಧ್ಯಂತರ ಆದೇಶ ಮಾಡಿತು. 2024ರಲ್ಲಿ ನಾಲ್ಕು ವರ್ಷದ ಪದವಿಯೇ ಹೋಗಿ ಮತ್ತೆ ಮೂರು ವರ್ಷದ್ದು ಬಂತು. ಈ ಹಗ್ಗಜಗ್ಗಾಟದಲ್ಲಿ ಕಡ್ಡಾಯವೋ ಐಚ್ಛಿಕವೋ ಎಂಬ ಜಗಳವೇ ಆಯಿತು. ಚೆನ್ನಾಗಿ ಕಲಿಸುವುದು ಹೇಗೆಂದು ಯಾರೂ ಕೇಳಲಿಲ್ಲ. 1982ರ ಗೋಕಾಕ್ ಚಳವಳಿಯಲ್ಲಿ ಬೀದಿಗೆ ಇಳಿದವರಲ್ಲಿ ಕೂಲಿಕಾರರೂ ಅಂಗಡಿಯವರೂ ಇದ್ದರು. ಕನ್ನಡ ಗೆದ್ದರೆ ತಮ್ಮ ಮಕ್ಕಳ ತಲೆ ಎತ್ತೀತು ಎಂಬ ನಂಬಿಕೆ ಅವರದು. ಅವರ ಮೊಮ್ಮಕ್ಕಳು ಇಂದು ಕನ್ನಡವನ್ನೂ ಅರ್ಧ, ಇಂಗ್ಲಿಷನ್ನೂ ಅರ್ಧ ಕಲಿತು ಹೊರಬರುತ್ತಿದ್ದಾರೆ.

ಇತ್ತ ಬೆಂಗಳೂರಿನಲ್ಲಿ ಉಳ್ಳವರ ಮಕ್ಕಳು ಫ್ರೆಂಚನ್ನು ಎರಡನೆಯ ಭಾಷೆಯಾಗಿ ಓದುತ್ತಾರೆ. ಸಂಜೆಯ ಹೊತ್ತು ಜರ್ಮನ್ ಕಲಿಯಬೇಕೆಂದರೆ ಅಲ್ಲಿ ಮ್ಯಾಕ್ಸ್ ಮುಲ್ಲರ್ ಭವನವಿದೆ. ನಮ್ಮ ತಾಲ್ಲೂಕಿನ ನರ್ಸಿಂಗ್ ಓದಿದ ಹೆಣ್ಣುಮಗಳು ಜರ್ಮನಿಯ ಆಸ್ಪತ್ರೆಯಲ್ಲಿ ಕೆಲಸ ಹಿಡಿಯಬೇಕಾದರೂ ಮೊದಲು ಆ ಭಾಷೆಯ ಪರೀಕ್ಷೆ ಪಾಸು ಮಾಡಬೇಕು. ಅವಳು ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ಕೋಣೆ ಹಿಡಿದು, ಫೀಜು ಕಟ್ಟಿ, ತಿಂಗಳುಗಟ್ಟಲೆ ಕೂತು ಕಲಿಯುವಷ್ಟು ದುಡ್ಡು ಇದ್ದಿದ್ದರೆ ಅವಳು ಜರ್ಮನಿಗೆ ಹೋಗಲು ಆಸೆಪಡುತ್ತಲೂ ಇರಲಿಲ್ಲ. ಬಡವರಿಗೆ ಕನ್ನಡ, ಶ್ರೀಮಂತರಿಗೆ ಜಗತ್ತಿನ ಭಾಷೆ ಎಂಬ ಹಂಚಿಕೆಯನ್ನು ನಾವು ಒಪ್ಪುವುದಿಲ್ಲ.

ನಮ್ಮ ಪಂಥದವರು ಇಂಗ್ಲಿಷ್ ದ್ವೇಷಿಗಳು ಎಂದು ಆಗಾಗ ಹಂಗಿಸುವವರಿದ್ದಾರೆ. ಅಂಗ್ರೇಜಿ ಹಟಾವೊ ಎಂದ ರಾಮಮನೋಹರ ಲೋಹಿಯಾ ಅವರು ಬರ್ಲಿನ್ನಿನಲ್ಲಿ ಓದಿದವರು. ತಮ್ಮ ಪ್ರಾಧ್ಯಾಪಕರೊಡನೆ ಇಂಗ್ಲಿಷ್ ನಡೆಯದೆಂದು ತಿಳಿದು ಕೆಲವೇ ತಿಂಗಳಲ್ಲಿ ಜರ್ಮನ್ ಕಲಿತು ಮರಳಿದರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಉಪ್ಪಿನ ತೆರಿಗೆ ಮತ್ತು ಸತ್ಯಾಗ್ರಹವನ್ನು ಕುರಿತು ಪ್ರಬಂಧ ಬರೆದು 1933ರಲ್ಲಿ ಊರಿಗೆ ಬಂದರು. ಅವರೇ 1951ರಲ್ಲಿ ಕಾಗೋಡಿಗೆ ಬಂದು ಗೇಣಿದಾರರ ಜೊತೆ ನಿಂತು ದಸ್ತಗಿರಿಯಾದರು. ಅವರ ವಿರೋಧವಿದ್ದದ್ದು ಇಂಗ್ಲಿಷಿನ ದೊರೆತನಕ್ಕೆ. ಕಛೇರಿ, ಕೋರ್ಟುಗಳಲ್ಲಿ ಜನರನ್ನು ಹೊರಗೆ ನಿಲ್ಲಿಸುವ ಗೋಡೆಯಾಗಿ ಅದು ನಿಂತದ್ದಕ್ಕೆ. ರಾಜಭಾಷಾ ಕಾಯಿದೆ 1963ರಲ್ಲೇ ಆದರೂ ಆ ಗೋಡೆ ಇನ್ನೂ ಪೂರ್ತಿ ಬಿದ್ದಿಲ್ಲ.

ಆದ್ದರಿಂದ ನಾವು ಕೇಳುವುದು ದೊಡ್ಡದೇನಲ್ಲ. ತಾಲ್ಲೂಕು ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕಡಿಮೆಯೆಂಬ ನೆಪ ಹೇಳಿ ಐಚ್ಛಿಕ ಭಾಷಾ ವಿಷಯಗಳನ್ನು ಮುಚ್ಚಬಾರದು. ಭಾಷೆಯ ಖಾಲಿ ಹುದ್ದೆಗಳನ್ನು ಮೊದಲು ತುಂಬಬೇಕು. ಇಂಗ್ಲಿಷನ್ನೂ ಹಿಂದಿಯನ್ನೂ ಕನ್ನಡದ ಮೂಲಕ, ಪತ್ರ ಬರೆಯುವಷ್ಟು, ಕರಾರು ಓದುವಷ್ಟು, ಎದುರು ನಿಂತು ಮಾತನಾಡುವಷ್ಟು ಕಲಿಸಬೇಕು. ಪರೀಕ್ಷೆಯಲ್ಲಿ ಬಾಯಿ ತೆರೆದು ಆಡುವ ಮಾತಿಗೂ ಅಂಕ ಇರಬೇಕು. ತುಮಕೂರು ವಿಶ್ವವಿದ್ಯಾನಿಲಯ ಮನಸ್ಸು ಮಾಡಿದರೆ ಜಿಲ್ಲೆಯ ಒಂದೆರಡು ಊರುಗಳಲ್ಲಿ ಸಂಜೆ ಜರ್ಮನ್ ತರಗತಿ ತೆರೆಯುವುದು ಅಸಾಧ್ಯವಲ್ಲ. ಕನ್ನಡ ಓದಿದವನಿಗೆ ಭಾಷಾಂತರದ ಕೆಲಸವನ್ನು ಸರ್ಕಾರ, ಬ್ಯಾಂಕು, ಕೊಬ್ಬರಿ ಕೊಳ್ಳುವ ಸಂಸ್ಥೆಗಳೇ ಕೊಡಬೇಕು. ಫಾರಂಗಳನ್ನು ಕನ್ನಡ ಮಾಡಲು ಜನ ಬೇಕಲ್ಲವೆ?

ದಾಖಲಾತಿ ಶುರುವಾದಾಗ ಮಗನನ್ನೋ ಮಗಳನ್ನೋ ಕರೆದುಕೊಂಡು ಕಾಲೇಜಿಗೆ ಹೋಗುವ ತಂದೆತಾಯಿಗಳು ಫೀಜು ಎಷ್ಟೆಂದು ಕೇಳಿದ ಮೇಲೆ ಇನ್ನೊಂದು ಮಾತನ್ನೂ ಕೇಳಿರಿ: ಇಲ್ಲಿ ಕನ್ನಡಕ್ಕೆ, ಇಂಗ್ಲಿಷಿಗೆ, ಹಿಂದಿಗೆ ಮಂಜೂರಾದ ಹುದ್ದೆ ಎಷ್ಟು, ಅದರಲ್ಲಿ ಖಾಯಂ ಉಪನ್ಯಾಸಕರು ಎಷ್ಟು ಮಂದಿ? ಉತ್ತರವನ್ನು ಬರೆದುಕೊಂಡು ಬಂದು ನಮಗೆ ಕಳಿಸಿದರೆ ಊರಿನ ಹೆಸರು ಸಹಿತ ಅಚ್ಚು ಹಾಕುತ್ತೇವೆ.