ಕಲಾವಿದನಿಗೆ ಬೇಕು ಸ್ವಂತ ವಿಳಾಸ

ಯಶವಂತಪುರದಲ್ಲಿ ವಾಸಿಸುವ ನನ್ನಂಥವರು ಮಾರುಕಟ್ಟೆಯ ಪಾಠವನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಇಲ್ಲಿನ ಎಪಿಎಂಸಿ ಪ್ರಾಂಗಣದಲ್ಲಿ ಮೂಟೆಗೆ ತೂಕವಿದೆ, ದರ್ಜೆಯಿದೆ, ದರವಿದೆ. ಬೆಳೆದವನ ಹೆಸರು ಮಾತ್ರ ಗ್ರಾಹಕನ ಅಡುಗೆಮನೆಯವರೆಗೆ ಹೋಗುವುದಿಲ್ಲ. ಈರುಳ್ಳಿಯ ರುಚಿಗೆ ಅದರಿಂದ ಕೊರತೆಯೇನೂ ಆಗದು. ಆದರೆ ಚಿತ್ರವೊಂದು ತನ್ನ ಕರ್ತೃವಿನ ಹೆಸರು, ರಚನೆಯ ಕಾಲ, ಹಿನ್ನೆಲೆಗಳನ್ನು ಕಳೆದುಕೊಂಡರೆ ಗೋಡೆಯ ಅಲಂಕಾರವಾಗಿಯಷ್ಟೇ ಉಳಿಯುತ್ತದೆ. ನಮ್ಮ ನಡುವಿನ ಅನೇಕ ಕಲಾವಿದರ ಕೃತಿಗಳಿಗೆ ಒದಗುತ್ತಿರುವ ಗತಿ ಇದೇ. ಆದ್ದರಿಂದಲೇ ಪ್ರತಿಯೊಬ್ಬ ಕಲಾವಿದರಿಗೂ ತಮ್ಮದೇ ಆದ ಜಾಲತಾಣ ಇರಬೇಕೆಂದು ನಾನು ವಾದಿಸುತ್ತೇನೆ.

ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆ, ಕಲಾವಿದರನ್ನೂ ಕೊಳ್ಳುವವರನ್ನೂ ಮುಖಾಮುಖಿಯಾಗಿಸಿದ ಮಹತ್ವದ ಪ್ರಯತ್ನ. ಗ್ಯಾಲರಿಯ ಮೆಟ್ಟಿಲು ಹತ್ತಲು ಹಿಂಜರಿಯುವ ಮಧ್ಯಮವರ್ಗದವರೂ ಕುಮಾರಕೃಪಾ ರಸ್ತೆಯಲ್ಲಿ ನಿಂತು ಚಿತ್ರದ ಬೆಲೆ ವಿಚಾರಿಸುವ ಧೈರ್ಯ ಮಾಡಿದರು. ಆದರೆ ಸಂಜೆಯಾಗುತ್ತಲೇ ಸಂತೆ ಕರಗುತ್ತದೆ. ಕೊಂಡವರ ಕೈಯಲ್ಲಿ ಉಳಿಯುವುದು ಬಹುಮಟ್ಟಿಗೆ ಒಂದು ವಿಸಿಟಿಂಗ್ ಕಾರ್ಡ್. ಅದರಲ್ಲಿನ ಮೊಬೈಲ್ ಸಂಖ್ಯೆ ಬದಲಾದರೆ ಸಂಬಂಧವೇ ಕಡಿದಂತೆ. ಕೋವಿಡ್ ಕಾರಣದಿಂದ 2021ರ ಸಂತೆ ಅಂತರಜಾಲದಲ್ಲಿ ನಡೆಯಬೇಕಾಯಿತು. ಕೃತಿಗಳ ಉತ್ತಮ ಛಾಯಾಚಿತ್ರ, ಅಳತೆ, ಮಾಧ್ಯಮದ ವಿವರಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ಕಲಾವಿದನ ವೃತ್ತಿಯ ಭಾಗವೇ ಹೌದೆಂದು ಆ ವರ್ಷ ತೋರಿಸಿಕೊಟ್ಟಿತು.

‘ಫೇಸ್‌ಬುಕ್, ಇನ್‌ಸ್ಟಾಗ್ರಾಂ ಇರುವಾಗ ಸ್ವಂತ ತಾಣವೇಕೆ?’ ಎಂದು ಕೇಳುವವರಿದ್ದಾರೆ. ಬಾಡಿಗೆ ಮನೆಯ ಕಷ್ಟಸುಖ ಬಲ್ಲ ಬೆಂಗಳೂರಿಗರಿಗೆ ಇದಕ್ಕೆ ಉತ್ತರ ಹೇಳಬೇಕಿಲ್ಲ. ಒಂದು ಕಾಲಕ್ಕೆ ಸಾವಿರಾರು ವೈಯಕ್ತಿಕ ಪುಟಗಳಿಗೆ ಆಶ್ರಯ ನೀಡಿದ್ದ ಜಿಯೋಸಿಟೀಸ್ ಅನ್ನು ಯಾಹೂ 2009ರಲ್ಲಿ ಮುಚ್ಚಿತು. ನಮ್ಮವರು ಮುಗಿಬಿದ್ದಿದ್ದ ಆರ್ಕುಟ್ 2014ರಲ್ಲಿ ಕಣ್ಮರೆಯಾಯಿತು. 2003ರಿಂದ 2015ರವರೆಗೆ ಸಂಗೀತಗಾರರು ತನ್ನಲ್ಲಿ ಇರಿಸಿದ್ದ ಹಾಡುಗಳು ಸರ್ವರ್ ಸ್ಥಳಾಂತರದಲ್ಲಿ ನಷ್ಟವಾದವೆಂಬ ಸಂಗತಿಯನ್ನು ಮೈಸ್ಪೇಸ್ 2019ರಲ್ಲಿ ಒಪ್ಪಿಕೊಂಡಿತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ, ಅದನ್ನೇ ರಂಗಸ್ಥಳ ಮಾಡಿಕೊಂಡಿದ್ದ ಗ್ರಾಮೀಣ ಪ್ರತಿಭೆಗಳು ಒಂದೇ ದಿನದಲ್ಲಿ ತಮ್ಮ ಪ್ರೇಕ್ಷಕರನ್ನು ಕಳೆದುಕೊಂಡರು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಮನೆ ಬೇರೆಯವರದಾದಾಗ ಬೀಗದ ಕೈಯೂ ಬೇರೆಯವರ ಬಳಿಯೇ ಇರುತ್ತದೆ.

ಜಾಲತಾಣವನ್ನು ಅಂಗಡಿ ಎಂದಷ್ಟೇ ಬಗೆಯುವುದು ಸಲ್ಲದು; ಅದು ಕಲಾವಿದನ ಖಾತೆ ಪುಸ್ತಕವೂ ಹೌದು. ನಮ್ಮ ಕೃತಿಸ್ವಾಮ್ಯ ಕಾಯಿದೆಯ 53ಎ ವಿಧಿ ಅನೇಕ ಕಲಾವಿದರ ಗಮನಕ್ಕೇ ಬಂದಿಲ್ಲ. ಮೂಲ ಚಿತ್ರ ಅಥವಾ ಶಿಲ್ಪವೊಂದು 10 ಸಾವಿರ ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದಾಗ, ಅದರ ಕೃತಿಸ್ವಾಮ್ಯದ ಮೊದಲ ಒಡೆಯನಾಗಿದ್ದ ಕಲಾವಿದನಿಗೆ ಅಥವಾ ಅವನ ವಾರಸುದಾರರಿಗೆ ಆ ಬೆಲೆಯಲ್ಲಿ ಪಾಲು ಸಲ್ಲಬೇಕೆಂದು ಅದು ಹೇಳುತ್ತದೆ. ಪಾಲಿನ ಗರಿಷ್ಠ ಮಿತಿ ಶೇ 10. ಆದರೆ ಯಾವ ಚಿತ್ರ, ಯಾವ ವರ್ಷ, ಯಾರ ಕೈಸೇರಿತು ಎಂಬ ದಾಖಲೆಯೇ ಇಲ್ಲದಿದ್ದರೆ ಹಕ್ಕು ಕೇಳುವುದಾದರೂ ಹೇಗೆ? ಪ್ರತಿ ಕೃತಿಯ ಚಿತ್ರ, ಶೀರ್ಷಿಕೆ, ಅಳತೆ, ಮಾಧ್ಯಮ, ವರ್ಷಗಳನ್ನು ತಾಣದಲ್ಲಿ ಪ್ರಕಟಿಸಿ, ಕೊಂಡವರ ವಿವರವನ್ನು ಖಾಸಗಿಯಾಗಿ ಬರೆದಿಟ್ಟುಕೊಂಡರೆ ಕರ್ತೃತ್ವಕ್ಕೆ ಸಾಕ್ಷ್ಯ ದೊರೆಯುತ್ತದೆ. ನಕಲಿ ಕೃತಿ ತಲೆಯೆತ್ತಿದಾಗಲೂ ಅದೇ ಆಧಾರ.

ಆಕ್ಷೇಪಗಳೂ ಇಲ್ಲದಿಲ್ಲ. ಚಿತ್ರಗಳನ್ನು ಕದಿಯುತ್ತಾರೆಂಬ ಭಯ ನಿಜ. ಮುದ್ರಣಕ್ಕೆ ಒದಗದಷ್ಟು ಚಿಕ್ಕ ಗಾತ್ರದ ಪ್ರತಿಗಳನ್ನು ಮಾತ್ರ ಪ್ರಕಟಿಸುವುದರಿಂದ ಅದನ್ನು ತಗ್ಗಿಸಬಹುದು. ತಾಣ ತೆರೆದ ಮಾತ್ರಕ್ಕೆ ಜನ ಮುಗಿಬೀಳುವುದಿಲ್ಲವೆಂಬುದೂ ನಿಜ. ದಾರಿ ತೋರುವ ಕೈಮರವಾಗಿ ಸಾಮಾಜಿಕ ಮಾಧ್ಯಮಗಳು ಬೇಕೇ ಬೇಕು. ಇಂಗ್ಲಿಷ್ ಬಾರದೆಂಬ ಅಳುಕಿಗೆ ಮಾತ್ರ ಕಾರಣವಿಲ್ಲ. ಯುನಿಕೋಡ್ ಬಂದ ಮೇಲೆ ಕನ್ನಡದಲ್ಲೇ ತಾಣ ಕಟ್ಟುವುದು ಸಲೀಸು. ಕನ್ನಡ ಲಿಪಿಯ ‘.ಭಾರತ’ ವಿಳಾಸಗಳೂ ಲಭ್ಯ. ಒಂದು ಎಚ್ಚರಿಕೆ ಅಗತ್ಯ: ವಿಳಾಸವನ್ನು ತಾಣ ರೂಪಿಸಿಕೊಟ್ಟವರ ಹೆಸರಿನಲ್ಲಿ ಬಿಡದೆ ತಮ್ಮ ಹೆಸರಿನಲ್ಲೇ ನೋಂದಾಯಿಸಬೇಕು. ಶುಲ್ಕ ಕಟ್ಟುವುದು ತಪ್ಪಿದರೆ ವಿಳಾಸ ಕೈತಪ್ಪುತ್ತದೆ. ಕುಟುಂಬದ ಒಬ್ಬರಿಗಾದರೂ ಅದರ ನಿರ್ವಹಣೆ ತಿಳಿದಿರಬೇಕು.

ಎಲ್ಲವನ್ನೂ ಕಲಾವಿದರ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಪ್ರಶಸ್ತಿ, ಶಿಬಿರ, ಪ್ರದರ್ಶನಗಳನ್ನು ನಡೆಸುವ ಕರ್ನಾಟಕ ಲಲಿತಕಲಾ ಅಕಾಡೆಮಿಯು ಹಿರಿಯ ಹಾಗೂ ಜಿಲ್ಲಾ ಮಟ್ಟದ ಕಲಾವಿದರ ಕೃತಿಗಳ ಛಾಯಾಗ್ರಹಣ ಮತ್ತು ತಾಣ ನಿರ್ಮಾಣಕ್ಕೆ ನೆರವಾಗಲಿ. ಕಲಾಶಾಲೆಗಳು ದಾಖಲೀಕರಣವನ್ನು ಪಾಠದ ಭಾಗವಾಗಿಸಲಿ. ಕಲಾವಿದರು ತೀರಿಕೊಂಡ ಮೇಲೆ ಅವರ ಚಿತ್ರಗಳು ಎಲ್ಲೆಲ್ಲಿವೆಯೆಂದು ಹುಡುಕಾಡುವುದಕ್ಕಿಂತ, ಅವರಿರುವಾಗಲೇ ಅವರ ಬಾಯಿಂದಲೇ ಕೇಳಿ ಬರೆದಿಡುವುದು ಕಡಿಮೆ ಖರ್ಚಿನ ಕೆಲಸ.