ಪಡಸಾಲೆಯ ಮಾತು: ಯಾರ ದಾಳಿಗಾರರು ಮೇಲು?

ಪುಣೆಯ ಕನ್ನಡಿಗರಲ್ಲಿ ಈಗ ಎರಡು ಪಂಗಡಗಳಾಗಿವೆ. ಇದೇನೂ ಆಶ್ಚರ್ಯಪಡುವ ಸಂಗತಿಯಲ್ಲ. ಮೂವರು ಕನ್ನಡಿಗರು ಸೇರಿದ ಕಡೆ ಎರಡು ಪಂಗಡವಾಗದಿದ್ದರೆ ಮೂರನೆಯವರಿಗೆ ಮೈ ಸರಿಯಿಲ್ಲವೆಂದೇ ತಿಳಿಯಬೇಕು. ಆದರೆ ಈ ಸಲದ ಪಂಗಡಗಳು ಧಾರವಾಡ, ಮೈಸೂರುಗಳವಲ್ಲ. ರೊಟ್ಟಿಯವರದು, ಮುದ್ದೆಯವರದು ಎಂಬ ಹಳೆಯ ವ್ಯಾಜ್ಯವೂ ಅಲ್ಲ. ಒಂದು ಬೆಂಗಳೂರು ಬುಲ್ಸ್ ಪಂಗಡ, ಇನ್ನೊಂದು ಪುಣೇರಿ ಪಲ್ಟನ್ ಪಂಗಡ. ವಿಷಯ ಕಬಡ್ಡಿ. ಅದರಲ್ಲಿಯೂ ಒಂದೇ ಒಂದು ಪ್ರಶ್ನೆ: ಯಾರ ದಾಳಿಗಾರರು ಮೇಲು?

2014ರ ಜುಲೈ ತಿಂಗಳಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದಂದಿನಿಂದ ಈ ಎರಡು ತಂಡಗಳೂ ಇವೆ. ಪ್ರತಿವರ್ಷ ಪಂದ್ಯಗಳು ಬಂದವೆಂದರೆ ಮನೆಮನೆಯಲ್ಲಿ ಸಂಜೆಯ ಟಿ.ವಿ. ಅಜ್ಜಂದಿರದೋ ಮೊಮ್ಮಕ್ಕಳದೋ ಎಂಬ ತಂಟೆ ತಾನೇ ಬಗೆಹರಿಯುತ್ತದೆ. ಇಬ್ಬರಿಗೂ ಅದೇ ಬೇಕು. ತಂಟೆ ಹುಟ್ಟುವುದು ಆಟ ಶುರುವಾದ ಮೇಲೆ. ಅಜ್ಜ ಕೆಂಪು ಅಂಗಿಯ ಬುಲ್ಸ್ ಕಡೆ. ಮೊಮ್ಮಗ ಕಿತ್ತಳೆ ಬಣ್ಣದ ಪಲ್ಟನ್ ಕಡೆ.

ಕಬಡ್ಡಿಯನ್ನು ಶಾಲೆಯ ಬಯಲಿನಲ್ಲಿ ಆಡಿ ಮರೆತವರಿಗಾಗಿ ನಾಲ್ಕು ಮಾತು ಹೇಳಿಬಿಡುತ್ತೇವೆ. ಕಡೆಗೆ 7 ಜನ; ಒಟ್ಟು 40 ನಿಮಿಷದ ಆಟ. ಒಬ್ಬನು 'ಕಬಡ್ಡಿ ಕಬಡ್ಡಿ' ಎನ್ನುತ್ತ ಎದುರು ಪಾಳೆಯಕ್ಕೆ ನುಗ್ಗಿ, ಮುಟ್ಟಿ, 30 ಸೆಕೆಂಡುಗಳೊಳಗೆ ಮಧ್ಯರೇಖೆಗೆ ಮರಳಬೇಕು. ಇವನೇ ದಾಳಿಗಾರ, ಹುಡುಗರ ಬಾಯಲ್ಲಿ 'ರೈಡರ್'. ಮುಟ್ಟಿದಷ್ಟು ಜನ ಔಟ್, ಅಷ್ಟು ಪಾಯಿಂಟ್. ಸಿಕ್ಕಿಬಿದ್ದರೆ ಅವನೇ ಔಟ್. ಔಟಾದವನು ಹೊರಗೆ ಹೋಗಿ ಕುಳಿತುಕೊಳ್ಳಬೇಕು. ಒಳಗಿರುವ ಅವನ ಕಡೆಯವರು ಎದುರಾಳಿಯೊಬ್ಬನನ್ನು ಔಟ್ ಮಾಡಿದಾಗ ಮಾತ್ರ, ತನ್ನ ಸರದಿಯಂತೆ, ಅವನಿಗೆ ಮತ್ತೆ ಜೀವ ಬರುತ್ತದೆ. ಎರಡು ದಾಳಿ ಬರಿಗೈಯಲ್ಲಿ ಮುಗಿದರೆ ಮೂರನೆಯದು 'ಮಾಡು ಇಲ್ಲವೆ ಮಡಿ' ದಾಳಿ. ಆಗ ಪಾಯಿಂಟ್ ತರದೆ ಬಂದರೂ ಔಟೇ. ಈ ಕುಳಿತುಕೊಳ್ಳುವ ನಿಯಮವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಈಚೆಗೆ ನಮ್ಮ ಸಂಘದ ಸಭೆ ಮುಗಿದು, ಎಲೆ ಹಾಕುವುದಕ್ಕೆ ಇನ್ನೂ ಹೊತ್ತಿದ್ದಾಗ, ಈ ವಾದ ಬಲು ಚೆನ್ನಾಗಿ ನಡೆಯಿತು. ಧಾರವಾಡ ಕಡೆಯ ಹಿರಿಯರೊಬ್ಬರು ಪವನ್ ಸೆಹ್ರಾವತ್ ಹೆಸರೆತ್ತಿದರು. ಅವರ ಲೆಕ್ಕ ಸುಳ್ಳಲ್ಲ. 2019ರ ಜನವರಿ 5ರಂದು ಮುಂಬಯಿಯಲ್ಲಿ ಬುಲ್ಸ್ ತಂಡ ಗುಜರಾತನ್ನು 38-33ರಿಂದ ಸೋಲಿಸಿ ಮೊದಲ ಸಲ ಪ್ರಶಸ್ತಿ ಗೆದ್ದಾಗ, ಆ 38ರಲ್ಲಿ 22 ಪಾಯಿಂಟ್ ಪವನ್ ಒಬ್ಬರದೇ. ಅದೇ ವರ್ಷದ ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ಮೇಲೆ ಅವರು ಒಂದೇ ಪಂದ್ಯದಲ್ಲಿ 39 ದಾಳಿ ಪಾಯಿಂಟ್ ತಂದರು. 2017ರಲ್ಲಿ ಪಾಟ್ನಾದ ಪ್ರದೀಪ್ ನರ್ವಾಲ್ ಮಾಡಿದ್ದ 34ರ ದಾಖಲೆ ಅಂದು ಮುರಿಯಿತು.

"ಒಬ್ಬಾಂವ ಮೂವತ್ತೊಂಬತ್ತು ತಂದಾನ. ಇಂಥಾಂವ ನಿಮ್ಮ ಪುಣೆದಾಗ ಯಾಂವ ಅದಾನ, ತೋರಸು ನೋಡೂಣು" ಎಂದರು ಹಿರಿಯರು.

"ಅಜ್ಜಾ, ಆ ಸೀಸನ್ ಕಪ್ ಯಾರ್ ಗೆದ್ರು ಹೇಳ್ರಿ ಮೊದಲ" ಎಂದ ಮೊಮ್ಮಗ.

ಹಿರಿಯರು ನೀರು ಕುಡಿಯುವುದಕ್ಕೆ ಎದ್ದರು. ಉತ್ತರವನ್ನು ಪಕ್ಕದಲ್ಲಿದ್ದ ಕಾರ್ಕಳ ಕಡೆಯ ಹೋಟೆಲಿನವರು ಕೊಟ್ಟರು: "ಅದು ಹಾಗಲ್ಲ ಮಾರಾಯ್ರೆ. ಆ ಕಪ್ಪು ಬಂಗಾಳಕ್ಕೆ ಹೋಯ್ತು. ಗೆಲ್ಲಿಸಿದ್ದರಲ್ಲಿ ನಮ್ಮವರದ್ದೂ ಪಾಲು ಉಂಟು."

ಅವರ ಮಾತೂ ಸತ್ಯವೇ. 2019ರ ಆ ಸೀಸನ್ನಿನ ಸೆಮಿಫೈನಲಿನಲ್ಲಿ ಬುಲ್ಸ್ ತಂಡ ದಬಾಂಗ್ ದಿಲ್ಲಿಗೆ 44-38ರಿಂದ ಸೋತಿತು. ಅಕ್ಟೋಬರ್ 19ರ ಅಹಮದಾಬಾದಿನ ಫೈನಲಿನಲ್ಲಿ ದಿಲ್ಲಿಯ ನವೀನ್ ಕುಮಾರ್ 18 ಪಾಯಿಂಟ್ ತಂದರು. ಎದುರು ನಿಂತ ಬೆಂಗಾಲ್ ವಾರಿಯರ್ಸ್ ತಂಡದ ನಾಯಕ, ಮುಖ್ಯ ದಾಳಿಗಾರ ಮಣಿಂದರ್ ಸಿಂಗ್ ಗಾಯದಿಂದ ಅಂದು ಅಂಕಣಕ್ಕೇ ಇಳಿಯಲಿಲ್ಲ. ಆದರೂ ಗೆದ್ದದ್ದು ಬಂಗಾಳವೇ, 39-34ರಿಂದ. ಇರಾನಿನ ನಬಿಬಕ್ಷ್ ಮತ್ತು ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ ಅಂದು ಮಣಿಂದರ್ ಹೊರೆಯನ್ನು ಹಂಚಿಕೊಂಡು ಹೊತ್ತರು. ತಂಡದ ತರಬೇತುದಾರರು ಕರ್ನಾಟಕದ ಅರ್ಜುನ ಪ್ರಶಸ್ತಿ ವಿಜೇತ ಬಿ.ಸಿ. ರಮೇಶ್.

ಇಲ್ಲಿಗೆ ವಾದ ನಮ್ಮ ಮನಸ್ಸಿಗೆ ಬರುವ ಘಟ್ಟವನ್ನು ಮುಟ್ಟಿತು. ದಾಳಿಗಾರರನ್ನು ತೂಗುವ ತಕ್ಕಡಿ ಯಾವುದು? ಮೊದಲನೆಯವನು ಎಷ್ಟು ತಂದ ಎಂಬುದೇ? ಅಥವಾ ಮೊದಲನೆಯವನು ಹೊರಗೆ ಕುಳಿತಾಗ ಎರಡನೆಯವನೂ ಮೂರನೆಯವನೂ ಏನು ತಂದರು ಎಂಬುದೇ?

ಮೊಮ್ಮಗನ ಪಂಗಡದವರು ಎರಡನೆಯ ತಕ್ಕಡಿಯವರು. ಅವರ ಕಡೆ ಒಳ್ಳೆಯ ಸಾಕ್ಷ್ಯವಿದೆ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಪುಣೇರಿ ಪಲ್ಟನ್ ಹರಿಯಾಣವನ್ನು 28-25ರಿಂದ ಸೋಲಿಸಿ ಮೊದಲ ಪ್ರಶಸ್ತಿ ಗೆದ್ದಿತು. ಆ ದಿನ ಪುಣೆಯ ಯಾವ ದಾಳಿಗಾರನೂ ಹತ್ತು ಪಾಯಿಂಟ್ ಮುಟ್ಟಲಿಲ್ಲ. ಎಲ್ಲರಿಗಿಂತ ಹೆಚ್ಚು ತಂದ ಪಂಕಜ್ ಮೋಹಿತೆಯವರದೇ 9. ಅಹಮದನಗರ ಜಿಲ್ಲೆಯ ಹಳ್ಳಿಯಿಂದ ಬಂದ ನಾಯಕ ಅಸ್ಲಂ ಇನಾಮದಾರ್, ಹರಿಯಾಣದ ಮೋಹಿತ್ ಗೋಯತ್, ಪಂಕಜ್ ಮೋಹಿತೆ: ಒಬ್ಬರು ಕುಳಿತರೆ ಇನ್ನೊಬ್ಬರು ಏಳುತ್ತಿದ್ದರು. ಆ ಸೀಸನ್ನಿನ ಹರಾಜಿನಲ್ಲಿ ಪುಣೆ ಎಲ್ಲಕ್ಕಿಂತ ಹೆಚ್ಚು ಹಣ ಸುರಿದದ್ದು ದಾಳಿಗಾರನ ಮೇಲೆ ಅಲ್ಲ, ಹಿಡಿಯುವವನ ಮೇಲೆ. ಇರಾನಿನ ಶಾದ್ಲೂಯಿಗೆ 2 ಕೋಟಿ 35 ಲಕ್ಷ ರೂಪಾಯಿ. ಅದೇ ಹರಾಜಿನಲ್ಲಿ ತೆಲುಗು ಟೈಟನ್ಸ್ ತಂಡ ಪವನ್ ಸೆಹ್ರಾವತ್‌ಗೆ 2 ಕೋಟಿ 60 ಲಕ್ಷಕ್ಕೂ ಮೀರಿ ಕೊಟ್ಟು, ನಾಯಕರನ್ನಾಗಿಯೂ ಮಾಡಿ, ಪಟ್ಟಿಯ ಕೊನೆಯಲ್ಲಿ ನಿಂತಿತು. ಪವನ್ ಆಡಲಿಲ್ಲವೆಂದಲ್ಲ. ಒಬ್ಬರೇ ಎಷ್ಟೆಂದು ಆಡಿಯಾರು!

ನಮ್ಮ ಬುಲ್ಸ್ ತಂಡಕ್ಕೂ ಈ ಪಾಠ ಕಹಿಯಾಗಿಯೇ ಸಿಕ್ಕಿತು. ಲೀಗಿನಲ್ಲಿ ಸುಮಾರು 1800 ದಾಳಿ ಪಾಯಿಂಟ್ ಗಳಿಸಿದ ಪ್ರದೀಪ್ ನರ್ವಾಲ್ ಆಡಲು ಆರಂಭಿಸಿದ್ದೇ ಬೆಂಗಳೂರಿಗೆ, 2015ರಲ್ಲಿ. ಪಾಟ್ನಾದಲ್ಲಿ ಹೆಸರು ಮಾಡಿ, 2024ರಲ್ಲಿ ಅವರು ಬುಲ್ಸ್ ನಾಯಕರಾಗಿ ಮರಳಿದರು. ಆ ವರ್ಷ ಬುಲ್ಸ್ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಯಿತು.

ಹಾಗೆಂದು ಹಿರಿಯರು ಸುಮ್ಮನಾದರೆ? "ಅದ ವರ್ಷ ಅಸ್ಲಂನ ಮೊಣಕಾಲಿಗೆ ಪೆಟ್ಟಾತು. ನಿಮ್ಮ ಪಲ್ಟಣ ಮೊದಲ ಆರರಾಗರ ಬಂತೇನು?" ಎಂದು ತಿರುಗಿ ಕೇಳಿದರು. ಬಂದಿರಲಿಲ್ಲ. ಈಗ ನೀರು ಕುಡಿಯುವ ಸರದಿ ಮೊಮ್ಮಗನದಾಯಿತು. ಮೂರು ಕೈಯಿದ್ದರೂ ಮುಖ್ಯವಾದ ಒಂದು ಕೈ ಮುರಿದರೆ ಉಳಿದ ಎರಡಕ್ಕೆ ಭಾರವೇ. ಆದರೆ ನಾವು ಒಂದು ಮಾತು ಸೇರಿಸುತ್ತೇವೆ. ಇದರಿಂದ ಸಿದ್ಧವಾಗುವುದು 'ಒಬ್ಬನೇ ಸಾಕು' ಎಂದಲ್ಲ, 'ಮೂವರೂ ಸಾಲದು' ಎಂದು.

ಈ ವ್ಯಾಜ್ಯಕ್ಕೆ ತೀರ್ಪು ಬೇಕೆನ್ನುವವರು 2025ರ ಆಗಸ್ಟ್ 29ನ್ನು ನೆನೆಯಲಿ. ಆ ವರ್ಷದ ಸೀಸನ್ನಿನ ಮೊದಲ ದಿನವೇ ವಿಶಾಖಪಟ್ಟಣದಲ್ಲಿ ಬುಲ್ಸ್ ಮತ್ತು ಪಲ್ಟನ್ ಎದುರುಬದುರಾಗಿ 32-32ಕ್ಕೆ ನಿಂತವು. ಆಗ ಟೈ-ಬ್ರೇಕರ್ ಬಂತು. ಟೈ-ಬ್ರೇಕರಿನಲ್ಲಿ ಕಡೆಗೆ ಐದು ದಾಳಿ. ಐದನ್ನೂ ಬೇರೆ ಬೇರೆ ಐವರು ಮಾಡಬೇಕು. ಎಂಥ ಶೂರನಿಗೂ ಸಿಗುವುದು ಒಂದೇ ಸರದಿ! ಪುಣೆ ಗೆದ್ದಿತು. ಐದನೆಯವನ ತನಕ ಲೆಕ್ಕ ಹಾಕುವುದೇ ಸರಿಯಾದ ಲೆಕ್ಕವೆಂದು ಆಟದ ನಿಯಮವೇ ಹೇಳುತ್ತಿರುವಾಗ ನಾವು ಬೇರೆ ತಕ್ಕಡಿ ಏಕೆ ಹಿಡಿಯಬೇಕು?

ಆದರೆ ಹಿರಿಯರ ಮನಸ್ಸಿನ ನೋವು ದಾಳಿಗಾರರ ಲೆಕ್ಕದ್ದಲ್ಲವೆಂಬುದು ಕೈತೊಳೆಯುವಾಗ ತಿಳಿಯಿತು. "ನಮ್ಮ ಮನ್ಯಾಗ ಹುಟ್ಟಿ ಪುಣೆಗೆ ಜಯಕಾರ ಹಾಕ್ತಾನಲ್ರೀ" ಎಂದು ಮೆಲ್ಲಗೆ ಅಂದರು. ಇದು ಒಬ್ಬರ ಮನೆಯ ಮಾತಲ್ಲ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸಿದ ಎಲ್ಲರ ಎದೆಯಲ್ಲೂ ಒಂದಲ್ಲ ಒಂದು ದಿನ ಈ ಮುಳ್ಳು ಆಡುತ್ತದೆ.

ಅವರಿಗೆ ಅಂದು ಹೇಳಲು ಹೊತ್ತು ಸಾಲದ ಮಾತನ್ನು ಇಲ್ಲಿ ಬರೆಯುತ್ತೇವೆ. 'ನಮ್ಮ' ದಾಳಿಗಾರ, 'ಅವರ' ದಾಳಿಗಾರ ಎಂಬ ಗೆರೆ ಕಬಡ್ಡಿಯಲ್ಲಿ ಅಂಕಣದ ಗೆರೆಯಷ್ಟು ಗಟ್ಟಿಯಲ್ಲ. ಬುಲ್ಸ್ ಕೀರ್ತಿಯ ಪವನ್ ದಿಲ್ಲಿಯವರು, ನರ್ವಾಲ್ ಹರಿಯಾಣದವರು. ಬುಲ್ಸ್ ಕಪ್ ಗೆದ್ದ ತಂಡದಲ್ಲಿ ಸಾಂಗಲಿ ಜಿಲ್ಲೆಯ ಕಾಶಿಲಿಂಗ ಅಡಕೆ ಇದ್ದರು. ಬುಲ್ಸ್ ಪರವಾಗಿ ಮೊದಲೆರಡು ವರ್ಷ ದಾಳಿ ಮಾಡಿದ ಹಿಮಾಚಲದ ಅಜಯ್ ಠಾಕೂರ್ 2016ರಲ್ಲಿ ಪುಣೆಗೆ ಬಂದರು; 2025ರಲ್ಲಿ ಅದೇ ಪುಣೆಗೆ ತರಬೇತುದಾರರಾದರು. 2017ರಲ್ಲಿ ಬುಲ್ಸ್ ತನ್ನ 'ತವರಿನ' ಪಂದ್ಯಗಳನ್ನು ಆಡಿದ್ದು ಮಹಾರಾಷ್ಟ್ರದ ನಾಗಪುರದಲ್ಲಿ. ಇನ್ನು, ಪುಣೆಗೆ 2024ರಲ್ಲಿ ಕಪ್ ಗೆದ್ದುಕೊಟ್ಟ ತರಬೇತುದಾರರು ಯಾರು? ಅದೇ ನಮ್ಮ ಬಿ.ಸಿ. ರಮೇಶ್! ಅವರು 2025ರಲ್ಲಿ ಬುಲ್ಸ್ ತಂಡಕ್ಕೆ ಹೋದರೆಂಬುದು ಬೇರೆ ಮಾತು. ಕನ್ನಡದವರು ಪುಣೆಯನ್ನು ಗೆಲ್ಲಿಸಬಹುದಾದರೆ ಕನ್ನಡದ ಮನೆಯ ಹುಡುಗ ಪುಣೆಗೆ ಜಯಕಾರ ಹಾಕಬಾರದೇ? ಗದಗ ಸೀಮೆಯಿಂದ ಬಂದು ಇಲ್ಲಿಯೇ ನೆಲೆಸಿದ ಭೀಮಸೇನ ಜೋಶಿಯವರನ್ನು ಪುಣೆಯವರು ತಮ್ಮವರೆನ್ನುತ್ತಾರೆ, ನಾವು ನಮ್ಮವರೆನ್ನುತ್ತೇವೆ. ಅದರಿಂದ ಯಾರಿಗೂ ಕಡಮೆಯಾಗಿಲ್ಲ. ಹುಟ್ಟಿದ ಊರಿನ ತಂಡವನ್ನು ಹುಡುಗ ಮೆಚ್ಚುವುದು ಅವನ ನಿಯತ್ತನ್ನೇ ತೋರಿಸುತ್ತದೆ. ಅಜ್ಜನ ಊರನ್ನು ಅಜ್ಜ ಬಿಟ್ಟುಕೊಡದಿರುವುದೂ ಅದೇ ನಿಯತ್ತು.

ನಾವು ಚಿಂತಿಸಬೇಕಾದದ್ದು ಬೇರೆ ಇದೆ. ನಮ್ಮ ಎಷ್ಟು ಮನೆಗಳಲ್ಲಿ ಕನ್ನಡ ಒಬ್ಬನೇ ದಾಳಿಗಾರನ ತಂಡದಂತಿದೆ! ಅಜ್ಜಿಯೊಬ್ಬರು ಕನ್ನಡ ಆಡುತ್ತಾರೆ, ಉಳಿದವರು ಕೇಳುತ್ತಾರೆ. ಸೊಸೆಗೆ ಕಚೇರಿಯ ಇಂಗ್ಲಿಷು, ಮಗನಿಗೆ ಪೇಟೆಯ ಹಿಂದಿ, ಮೊಮ್ಮಕ್ಕಳಿಗೆ ಓಣಿಯ ಮರಾಠಿ. ಅಜ್ಜಿ ಇರುವ ತನಕ ಮನೆಯ ಕನ್ನಡಕ್ಕೆ ಮೂವತ್ತೊಂಬತ್ತು ಪಾಯಿಂಟು. ಅಜ್ಜಿ ಎರಡು ತಿಂಗಳು ಹುಬ್ಬಳ್ಳಿಯ ಮಗಳ ಮನೆಗೆ ಹೋದರೆ ಕನ್ನಡ ಹೊರಗೆ ಹೋಗಿ ಕುಳಿತುಬಿಡುತ್ತದೆ. ಕುಳಿತದ್ದಕ್ಕೆ ಜೀವ ಬರಬೇಕಾದರೆ ಒಳಗಿರುವವರು ಆಡಬೇಕು. ಸಂಘದ ಕೆಲಸಗಳಲ್ಲೂ ನಾವು ಇದನ್ನೇ ಕಾಣುತ್ತೇವೆ. ನಾಟಕಕ್ಕೆ ಒಬ್ಬರು, ಗ್ರಂಥಾಲಯಕ್ಕೆ ಒಬ್ಬರು. ಅವರಿಗೆ ಜ್ವರ ಬಂದರೆ ಆ ತಿಂಗಳು ಬೀಗ. ಆ ಒಬ್ಬರನ್ನು ನಾವು ಹೊಗಳಿ ಶಾಲು ಹೊದಿಸುತ್ತೇವೆ. ಎರಡನೆಯವರನ್ನು ಮಾತ್ರ ಹುಡುಕುವುದಿಲ್ಲ.

ಆದ್ದರಿಂದ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಮೊಮ್ಮಗ ಕಿತ್ತಳೆ ಅಂಗಿ ತೊಡಲಿ, ಬಾಲೇವಾಡಿಯ ಕ್ರೀಡಾಂಗಣದಲ್ಲಿ ಪುಣೆಗಾಗಿ ಗಂಟಲು ಹರಿದುಕೊಳ್ಳಲಿ. ಆದರೆ ಮನೆಗೆ ಬಂದ ಮೇಲೆ ಅಸ್ಲಂ ಏಕೆ ಪವನ್‌ಗಿಂತ ಮೇಲು ಎಂಬುದನ್ನು ನಿಮಗೆ ಕನ್ನಡದಲ್ಲಿ ಒಪ್ಪಿಸಿ ಹೇಳಬೇಕೆಂದು ಹಟ ಹಿಡಿಯಿರಿ. ವಾದ ಬಿಸಿಯಾದಾಗ ಅವನು ಮರಾಠಿಗೆ ಜಾರುತ್ತಾನೆ, ನೀವು ಜಾರಬೇಡಿ. ತಂದೆಯನ್ನೂ ತಾಯಿಯನ್ನೂ ವಾದಕ್ಕೆ ಎಳೆಯಿರಿ. ಮುಂದಿನ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಮನೆಯಲ್ಲಿ ಅಜ್ಜಿಯೊಬ್ಬರಲ್ಲದೆ ಇನ್ನಿಬ್ಬರಾದರೂ ಕನ್ನಡದಲ್ಲಿ ದಾಳಿ ಮಾಡುವಂತಾಗಿದ್ದರೆ, ಆ ವರ್ಷ ಕಪ್ಪು ಯಾವ ಊರಿಗೆ ಹೋದರೂ ನಮಗೆ ಚಿಂತೆಯಿಲ್ಲ.