ಒಂದೇ ಡಿಸ್ಕಿನಲ್ಲಿ ಎರಡು ಸಂಸಾರ

ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕನ್ನು ಪಾಲು ಮಾಡಿ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಕೊಳ್ಳಬಹುದೇ? ಹೌದು ಎನ್ನುವವರು ಒಬ್ಬ ಹೈಸ್ಕೂಲು ಮೇಷ್ಟ್ರು. ಬೇಡ ಎನ್ನುವವರು ಅದೇ ಊರಿನ ಕಂಪ್ಯೂಟರ್ ರಿಪೇರಿಯವರು.

ಪರ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ನನ್ನ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಕೀಬೋರ್ಡ್ ಗಟ್ಟಿಯಾಗಿದೆ, ಸ್ಕ್ರೀನ್ ಚೆನ್ನಾಗಿದೆ. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ಹಾಗಿದ್ದರೆ ಲಿನಕ್ಸ್ ಒಂದೇ ಸಾಲದೇ ಎಂದು ಕೇಳುತ್ತಾರೆ. ಸಾಲದು. ನನ್ನ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ನುಡಿ ತಂತ್ರಾಂಶದ ಆಸ್ಕಿ ಅಕ್ಷರಗಳಲ್ಲಿವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಅವನ್ನು ತಿದ್ದಲು ನನಗೆ ನುಡಿ ಬೇಕು, ನನ್ನಲ್ಲಿರುವ ನುಡಿಗೆ ವಿಂಡೋಸ್ ಬೇಕು. ಹೊಸದಾಗಿ ಬರೆಯುವುದನ್ನೆಲ್ಲ ಉಬುಂಟುವಿನಲ್ಲಿ ಯೂನಿಕೋಡಿನಲ್ಲೇ ಬರೆಯುತ್ತೇನೆ. ಅಲ್ಲೂ ಕಗಪ ಕೀಲಿವಿನ್ಯಾಸ ಸಿಗುವುದರಿಂದ ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ.

ವಿಂಡೋಸಿನ ಒಳಗೇ ವರ್ಚುಯಲ್ ಮಷೀನ್ ಹಾಕಿಕೊಳ್ಳಿ ಎಂದವರೂ ಇದ್ದಾರೆ. ನನ್ನದು 4 ಜಿಬಿ ರ್‍ಯಾಮ್. ಅದರಲ್ಲಿ ಎರಡು ಓಎಸ್ ಒಟ್ಟಿಗೆ ಓಡಿಸಿದರೆ ಎರಡೂ ಏದುಸಿರು ಬಿಡುತ್ತವೆ. ಪಾಲು ಮಾಡಿದರೆ ಆ ತಾಪತ್ರಯವಿಲ್ಲ, ಯಾವುದನ್ನು ಎಬ್ಬಿಸುತ್ತೇವೋ ಇಡೀ ರ್‍ಯಾಮ್ ಅದಕ್ಕೆ.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಮೊದಲು ಪೆನ್‌ಡ್ರೈವಿನಿಂದಲೇ ಉಬುಂಟು ಓಡಿಸಿ ವೈಫೈ, ಸೌಂಡ್ ಬರುತ್ತವೆಯೇ ನೋಡಿದೆ. ಬ್ಯಾಕಪ್ ಮಾಡಿಕೊಂಡೆ. ಆಮೇಲೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಡ್ರೈವ್ ಕುಗ್ಗಿಸಿ 60 ಜಿಬಿ ಖಾಲಿ ಬಿಡಿಸಿದೆ. ಒಂದು ಭಾನುವಾರ ಬೆಳಿಗ್ಗೆ ಕೂತವನು ಊಟದ ಹೊತ್ತಿಗೆ ಎದ್ದೆ. ಈಗ ಯಂತ್ರ ಹಚ್ಚಿದರೆ ಗ್ರಬ್ ಮೆನು ಬಂದು ಯಾವುದು ಬೇಕು ಎಂದು ಕೇಳುತ್ತದೆ. ನಮ್ಮ ಒಂಬತ್ತನೇ ತರಗತಿಯ ಹುಡುಗರಿಗೆ ಆ ಕಪ್ಪು ಪರದೆ ಸಿನಿಮಾಕ್ಕಿಂತ ಹೆಚ್ಚು.

ವಿರೋಧ

ಮೇಷ್ಟ್ರದು ಸರಿಹೋಯಿತು, ಸಂತೋಷ. ನನ್ನ ಟೇಬಲ್ಲಿಗೆ ಬರುವುದು ಸರಿಹೋಗದವರು.

ವಿಂಡೋಸಿನಲ್ಲಿ ಸಿ, ಡಿ ಎಂದು ನೋಡಿ ಅಭ್ಯಾಸವಾದವರಿಗೆ ಲಿನಕ್ಸ್ ಇನ್‌ಸ್ಟಾಲರ್ ಎಸ್‌ಡಿಎ1, ಎಸ್‌ಡಿಎ2, ಎಸ್‌ಡಿಎ3 ಎಂದು ತೋರಿಸುತ್ತದೆ. ಡಿಪ್ಲೊಮಾ ಹುಡುಗನೊಬ್ಬ ಅಂದಾಜಿನ ಮೇಲೆ ಮೂರನೆಯದನ್ನು ಫಾರ್ಮ್ಯಾಟ್ ಹೊಡೆದ. ಅದು ಅವನ ಡಿ ಡ್ರೈವ್. ಪ್ರಾಜೆಕ್ಟ್ ರಿಪೋರ್ಟ್ ಅದರಲ್ಲೇ ಇತ್ತು. ಎರಡು ದಿನ ರಿಕವರಿ ಓಡಿಸಿದೆ. ಫೈಲುಗಳೇನೋ ಸಿಕ್ಕವು, ಒಂದಕ್ಕೂ ಹೆಸರಿರಲಿಲ್ಲ. ಅವನು ಅಂಗಡಿಯಲ್ಲೇ ಕೂತು ಒಂದೊಂದನ್ನೇ ತೆರೆದು ನೋಡುತ್ತಿದ್ದ.

ಪಾರ್ಟಿಶನ್ ಸರಿಸುವಾಗ ಕರೆಂಟು ಹೋದರೆ? ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿಯನ್ನು ನಂಬಿ ಆ ಕೆಲಸಕ್ಕೆ ಕೈಹಾಕಬೇಡಿ.

ಹಾಕಿದ ಮೇಲೂ ಕಿರಿಕಿರಿ ನಿಲ್ಲುವುದಿಲ್ಲ. ಗಡಿಯಾರವನ್ನೇ ನೋಡಿ. ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ನಮ್ಮೂರಿನ ಸಮಯ ಎಂದು ವಿಂಡೋಸ್ ತಿಳಿಯುತ್ತದೆ, ಯುಟಿಸಿ ಎಂದು ಲಿನಕ್ಸ್. ಲಿನಕ್ಸಿನಿಂದ ವಿಂಡೋಸಿಗೆ ಬಂದರೆ ಸಮಯ ಐದೂವರೆ ಗಂಟೆ ಹಿಂದಕ್ಕೆ ಹೋಗಿರುತ್ತದೆ. ಒಂದು ಸಾಲಿನ ಕಮಾಂಡ್ ಸಾಕು ಸರಿಮಾಡಲು, ಆದರೆ ಜನ ಸಿಮಾಸ್ ಸೆಲ್ ಹೋಯಿತೆಂದು ಹೊಸ ಸೆಲ್ ಹಾಕಿಸಲು ಬರುತ್ತಾರೆ. ಇನ್ನು ಫಾಸ್ಟ್ ಸ್ಟಾರ್ಟ್‌ಅಪ್. ಶಟ್‌ಡೌನ್ ಒತ್ತಿದರೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತದೆ. ಆಗ ಆ ಡ್ರೈವುಗಳನ್ನು ಲಿನಕ್ಸಿನಲ್ಲಿ ಓದಬಹುದೇ ಹೊರತು ಬರೆಯಲು ಬಿಡುವುದಿಲ್ಲ.

2024ರ ಆಗಸ್ಟಿನಲ್ಲಿ ಆದದ್ದು ಎಲ್ಲರಿಗೂ ಗೊತ್ತು. ದೋಷವಿರುವ ಹಳೆಯ ಬೂಟ್‌ಲೋಡರುಗಳನ್ನು ತಡೆಯಲು ಮೈಕ್ರೋಸಾಫ್ಟ್ ಒಂದು ಅಪ್‌ಡೇಟ್ ಬಿಟ್ಟಿತು. ಎರಡು ಓಎಸ್ ಇರುವ ಯಂತ್ರಗಳಿಗೆ ಇದು ತಾಗುವುದಿಲ್ಲ ಎಂದೂ ಹೇಳಿತ್ತು. ತಾಗಿತು. ಸೆಕ್ಯೂರ್ ಬೂಟ್ ಆನ್ ಇದ್ದ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಮೇಲೇಳಲಿಲ್ಲ. ಬಳಸುವವನದು ಏನು ತಪ್ಪು ಅದರಲ್ಲಿ?

ಲಿನಕ್ಸ್ ಬೇಡ ಎನ್ನುತ್ತಿಲ್ಲ ನಾನು, ನನ್ನ ಅಂಗಡಿಯ ಬಿಲ್ಲಿಂಗ್ ನಡೆಯುವುದೇ ಅದರಲ್ಲಿ. ಒಂದೇ ಡಿಸ್ಕಿನಲ್ಲಿ ಬೇಡ ಅಷ್ಟೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಡಿವಿಡಿ ಡ್ರೈವ್ ಇರುತ್ತದೆ, ಯಾರೂ ಮುಟ್ಟುವುದಿಲ್ಲ. ಅದನ್ನು ತೆಗೆದು ಆ ಜಾಗಕ್ಕೆ ಕ್ಯಾಡಿ ಕೂರಿಸಿ, ವಿಂಡೋಸ್ ಇರುವ ಹಾರ್ಡ್‌ಡಿಸ್ಕನ್ನು ಅದರೊಳಗೆ ಹಾಕಿ. ಮುಖ್ಯ ಜಾಗಕ್ಕೆ ಚಿಕ್ಕದೊಂದು ಎಸ್‌ಎಸ್‌ಡಿ ತಂದು ಅದರಲ್ಲಿ ಲಿನಕ್ಸ್ ಹಾಕಿ. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ, ಯಂತ್ರವೂ ಚುರುಕಾಗುತ್ತದೆ.

ಮೊನ್ನೆ ಚಾರ್ಜರ್ ತೆಗೆದುಕೊಳ್ಳಲು ಬಂದಿದ್ದ ಮೇಷ್ಟ್ರಿಗೆ ಇದನ್ನೇ ಹೇಳಿದೆ. ನಕ್ಕರು.

“ಬ್ಯಾಕಪ್ ಮಾಡಿದೆ ಅಂದ್ರಲ್ಲ ಮೇಷ್ಟ್ರೇ, ಎಲ್ಲಿಟ್ಟಿದ್ದೀರಿ?”

“ಡಿ ಡ್ರೈವಲ್ಲಿ ಕಣಪ್ಪಾ.”